ಇರುವೆ ಬರೀ ಪ್ರತೀಕ ಅಲ್ಲ
ಲೇಖನ ಚೆನ್ನಾಗಿದೆ ಸರ್, ಆದ್ರೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಕಾದಂಬರೀಲಿ ಮನೆಯವರು ಇರುವೆ ಕೊಲ್ಲೋ ಪ್ರಸಂಗನ ಬರೀ 'ಪ್ರತೀಕ' ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ರಲ್ಲ, ಅದು ನಂಗೆ ಸಾಕಾಗ್ಲಿಲ್ಲ. ಅಲ್ಲಿ ನಿಜವಾದ ಕೆಲಸ ಮಾಡ್ತಿರೋದು ನಿರೂಪಣೆ. ಕಥೆ ಹೇಳೋನು ಆ ಮನೆಯವನೇ, ಇರುವೆಗಳಿಗೆ ಸುತ್ತ ನೀರಿನ ಗೆರೆ ಎಳೆದು ದಿಗ್ಬಂಧನ ಹಾಕಿ ಕೊಲ್ಲೋದನ್ನ ಎಷ್ಟು ತಣ್ಣಗೆ ಹೇಳ್ತಾನೆ ನೋಡಿ, ಪಶ್ಚಾತ್ತಾಪ ಇಲ್ಲ ಏನಿಲ್ಲ, ದಿನಾ ಕಸ ಗುಡಿಸಿದ ಹಾಗೆ. ಅದೂ 'ನಾನು' ಅಲ್ಲ 'ನಾವು', ಇಡೀ ಮನೆ ಒಂದಾಗಿ ನಿಲ್ಲುತ್ತೆ. ಅಮ್ಮ, ತಂಗಿ ಮಾಲತಿ, ಚಿಕ್ಕಪ್ಪ ಎಲ್ರೂ ಮುಂದೆ ಹೊರಗಿನವರ ಜೊತೆ ಹೇಗೆ ನಡ್ಕೋತಾರೆ ಅನ್ನೋದಕ್ಕೆ ಪೂರ್ವಸೂಚನೆ ಅಲ್ಲೇ ಇದೆ, ಕಥೆ ಹೇಳೋನ ಹೆಂಡ್ತಿ ಅನಿತಾ ಆ ಕುಟುಂಬಕ್ಕೆ ಸೊಸೆಯಾಗಿ ಬಂದ್ಮೇಲೆ ಆ ಭಾಗ ತಿರುಗಿ ಓದಿದ್ರೆ ಮೈ ಜುಂ ಅನ್ನುತ್ತೆ.

ಪ್ಲೀಸ್, ಮಕ್ಕಳಿಗೆ ಪಾಠ ಮಾಡೋವಾಗ ಉಪಮೆ ಎಲ್ಲಿದೆ ರೂಪಕ ಎಲ್ಲಿದೆ ಅಂತ ಅಂಡರ್‌ಲೈನ್ ಹಾಕಿಸೋಕೆ ಮುಂಚೆ ಇದನ್ನ ಯಾರು ಹೇಳ್ತಿದಾರೆ, ಏನನ್ನ ಹೇಳದೆ ಬಿಡ್ತಿದಾರೆ ಅಂತ ಕೇಳಿಸಿ. ಈ ಕಾದಂಬರೀಲಂತೂ ಹೇಳದೆ ಬಿಟ್ಟಿದ್ದೇ ಜಾಸ್ತಿ, ಅನಿತಾಗೆ ಏನಾಯ್ತು ಅಂತ ಕೊನೇವರೆಗೂ ಬಾಯಿ ಬಿಟ್ಟು ಹೇಳಲ್ಲ. ಮುಂದಿನ ಕಂತಲ್ಲಿ ಕಾಫಿ ಹೌಸ್‌ನ ವೇಟರ್ ವಿನ್ಸೆಂಟ್ ಪಾತ್ರದ ಬಗ್ಗೆನೂ ಬರೀರಿ ಸರ್.