ಹಲ್ಲಿನ ಸಂದಿಯ ಪಾಚಿ ಮತ್ತು ‘ಪುರೇಮಾ’

ಟೋಕಿಯೋದ ಶಿಬುಯಾದಲ್ಲಿರುವ ಟವರ್ ರೆಕಾರ್ಡ್ಸ್ ಅಂಗಡಿಯಲ್ಲಿ ಸರತಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಏನೋ ಕೇಳಿದಳು. ಕೌಂಟರಿನ ಹುಡುಗ ‘ಪುರೇಮಾ ದೆಸು ನೆ’ ಎಂದು ತಲೆಯಾಡಿಸಿ ಒಂದು ಸಿ.ಡಿ. ತೆಗೆದುಕೊಟ್ಟ. ಪುರೇಮಾ ಎಂದರೆ ನಮ್ಮ ಪ್ರೇಮ ಎಂದು ಹೊಳೆಯಲು ನನಗೆ ಒಂದು ಗಳಿಗೆ ಹಿಡಿಯಿತು, ಅದೂ ಅದನ್ನೇ ಕೊಳ್ಳಲು ಬಂದವನಿಗೆ. ಜಪಾನಿಗರ ನಾಲಿಗೆಗೆ ‘ಪ್ರೇ’ಯಂಥ ಒತ್ತಕ್ಷರ ಒಗ್ಗುವುದಿಲ್ಲ, ನಡುವೆ ಒಂದು ಸ್ವರ ತುರುಕಿಯೇ ಮುಂದೆ ಸಾಗುತ್ತಾರೆ. ನಗುವಂಥದ್ದೇನಿಲ್ಲ. ಅಣ್ಣಿಗೇರಿಯ ನಮ್ಮಜ್ಜಿ ಪ್ರೀತಿಗೆ ‘ಪಿರುತಿ’ ಅನ್ನುತ್ತಿದ್ದಳು.

‘ಪ್ರೇಮ’ ಎಂಬುದು ಜಪಾನಿ ಗಾಯಕ ಫುಜೀ ಕಜೆಯ ಮೂರನೆಯ ಆಲ್ಬಂ, 2025ರ ಸೆಪ್ಟೆಂಬರ್ 5ರಂದು ಬಂದದ್ದು. ಫುಜೀ ಮನೆತನದ ಹೆಸರು. ಕಜೆ ಎಂದರೆ ಗಾಳಿ. (ನನ್ನ ಪುತ್ತೂರಿನ ಗೆಳೆಯನಿಗೆ ಕಜೆ ಎಂದೊಡನೆ ಕುಚ್ಚಲಕ್ಕಿ ನೆನಪಾಗುತ್ತದಂತೆ. ಅವನ ಪಾಡು ಅವನಿಗೆ.) ಈತನನ್ನು ರಾಕ್ ಗಾಯಕ ಎನ್ನಬೇಕೋ ಪಾಪ್ ಎನ್ನಬೇಕೋ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಪಿಯಾನೋ ಮುಂದೆ ಕೂತು, ಅಮೆರಿಕದ ಸೋಲ್ ಸಂಗೀತವನ್ನೂ ಜಪಾನಿನ ಹಳೆಯ ಜನಪ್ರಿಯ ಹಾಡಿನ ಅಳುವನ್ನೂ ಒಂದೇ ಗಂಟಲಲ್ಲಿ ಇಳಿಸಬಲ್ಲ ಹುಡುಗ. ಹುಡುಗ ಎಂದರೂ 1997ರಲ್ಲಿ ಹುಟ್ಟಿದವನು. ಊರು ಒಕಾಯಾಮಾ ಪ್ರಾಂತ್ಯದ ಸಾತೊಶೋ, ನಮ್ಮ ಒಂದು ದೊಡ್ಡ ಹಳ್ಳಿಯಷ್ಟು ಜನ ಇರುವ ಪಟ್ಟಣ. ಅಪ್ಪ ಅಮ್ಮ ಅಲ್ಲಿ ಕಾಫಿ ಅಂಗಡಿ ನಡೆಸಿದವರು. ಹನ್ನೆರಡನೆಯ ವಯಸ್ಸಿಗೇ, ಅಪ್ಪನ ಒತ್ತಾಸೆಯಿಂದ, ಪಿಯಾನೋ ನುಡಿಸಿ ಯೂಟ್ಯೂಬಿಗೆ ಹಾಕತೊಡಗಿದ್ದ.

ನನ್ನನ್ನು ಹಿಡಿದದ್ದು ಆತನ 2020ರ ಮೊದಲ ಆಲ್ಬಂ. ಅದರ ಮೊದಲ ಹಾಡು ಶುರುವಾಗುವುದು ಹೇಗೆ ಗೊತ್ತೇ? ಎದುರಿಗಿರುವವರ ಹಲ್ಲಿನ ಸಂದಿಯಲ್ಲಿ ಪಾಚಿಪುಡಿ ಸಿಕ್ಕಿಕೊಂಡಿದೆ, ಹೇಳಬೇಕೋ ಬೇಡವೋ ಎಂಬ ಸಂಕಟದಿಂದ! ಇಲ್ಲಿ ಸಮುದ್ರದ ಪಾಚಿಯನ್ನು ಒಣಗಿಸಿ ಪುಡಿ ಮಾಡಿ ತಿನಿಸಿನ ಮೇಲೆ ಉದುರಿಸುತ್ತಾರೆ. ನಮ್ಮಲ್ಲಿ ಕೊತ್ತಂಬರಿ ಸೊಪ್ಪು ಇದ್ದ ಹಾಗೆ. ಇಂಥ ಸಾಲಿನಿಂದ ಶುರುವಾದ ಹಾಡು ಮನುಷ್ಯನ ಒಳಗಿನ ಇನ್ನೊಂದು ಜೀವ ಅವನನ್ನು ‘ಏನಯ್ಯಾ ನಿನ್ನ ಕಥೆ’ ಎಂದು ವಿಚಾರಿಸುವ ಕಡೆಗೆ ತಿರುಗುತ್ತದೆ. ಸಿಕ್ಕಿಕೊಂಡಿದೆ ಎನ್ನಲು ಬಳಸಿದ ಕ್ರಿಯಾಪದ ಕೂಡ ಟೋಕಿಯೋದ್ದಲ್ಲ, ಪಡುವಣ ಸೀಮೆಯದು. ‘ನಾನು’ ಎನ್ನಲು ‘ವಾಶಿ’ ಅನ್ನುತ್ತಾನೆ. ಟೋಕಿಯೋದಲ್ಲಿ ಆ ಸರ್ವನಾಮ ಕಾರ್ಟೂನಿನ ಗಡ್ಡದ ಮುದುಕರಿಗೆ ಮೀಸಲು, ಒಕಾಯಾಮಾ ಕಡೆ ಹರೆಯದವರೂ ಆಡುತ್ತಾರೆ. ಒಳ್ಳೆಯದು ಎಂಬರ್ಥದ ‘ಇಇ’ ಎನ್ನುವಲ್ಲಿ ‘ಎಎ’. 2022ರಲ್ಲಿ ಥಾಯ್ಲೆಂಡಿನ ಕಡೆಯಿಂದ ಟಿಕ್‌ಟಾಕ್ ಹತ್ತಿ ಲೋಕವೆಲ್ಲ ಸುತ್ತಿದ ಆತನ ಹಾಡಿನ ಹೆಸರಿನಲ್ಲೇ ಆ ‘ಎಎ’ ಇದೆ. ಅರ್ಥ ತಿಳಿಯದ ಕೋಟಿ ಜನ ಒಕಾಯಾಮಾ ಉಚ್ಚಾರವನ್ನು ಗುನುಗಿದರು.

ಇದು ನನ್ನಂಥವನಿಗೆ ಯಾಕೆ ಕಚ್ಚಿಕೊಂಡಿತು ಎಂದರೆ, ನಾನು ಮೊದಲು ಕೆಲಸಕ್ಕೆ ಸೇರಿದ್ದು ಬೆಂಗಳೂರಿನಲ್ಲಿ. ಮೊದಲ ವಾರವೇ ಒಬ್ಬರಿಗೆ ‘ಸಂಜಿಕೆ ಫೋನ್ ಹಚ್ಚತೇನ್ರೀ’ ಅಂದೆ. ‘ಏನು ಹಚ್ತೀರಾ ಸಾರ್, ಬೆಂಕಿನಾ, ಸುಣ್ಣಾನಾ?’ ಎಂದು ಇಡೀ ಸಾಲು ನಕ್ಕಿತು. ಕೆಟ್ಟ ಮನಸ್ಸಿನವರಲ್ಲ, ಈಗಲೂ ಗೆಳೆಯರೇ. ಆದರೆ ಮರುದಿನದಿಂದ ನಾನು ಫೋನ್ ‘ಮಾಡತೊಡಗಿದೆ’. ಕವಿರಾಜಮಾರ್ಗ ತಿರುಳ್ಗನ್ನಡದ ನಾಡೆಂದು ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದಾದ ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ನಮ್ಮೂರಿಂದ ಬಸ್ಸಿನ ದಾರಿ. ದೇಸಿ ಬೇರೆಬೇರೆಯಾದ್ದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಹೇಳಹೋದರೆ ವಾಸುಕಿಗೂ ಬೇಸರ ಬಂದೀತು ಎಂದದ್ದೂ ಅದೇ ಗ್ರಂಥ. ಇದೆಲ್ಲ ಗೊತ್ತಿದ್ದೂ ನಾಚಿಕೆ ಪಡುವುದನ್ನು ನಾನು ಬಿಡಲಿಲ್ಲ.

ಜಪಾನಿನಲ್ಲೂ ಇದೇ ರೋಗ ಇದೆ. ಓಸಾಕಾ ಕಡೆಯ ಮಾತೆಂದರೆ ಟಿ.ವಿ.ಯಲ್ಲಿ ನಗಿಸುವವರ ಮಾತು. ನಮ್ಮ ಸಿನಿಮಾದಲ್ಲಿ ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ನಾಯಕನ ಗೆಳೆಯನ ಪಾಲಿಗೆ ಬಂದ ಹಾಗೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಲ್ಲಿ ಹಾಡುಗಾರ ಸಿನಿಮಾದ ಬಾಡಿಗೆಮನೆಯಲ್ಲಿಲ್ಲ. ತಾನೇ ಬರೆದು, ತಾನೇ ಹಾಡಿ, ಕವನಸಂಕಲನ ತರುವಂತೆ ಆಲ್ಬಂ ತರುತ್ತಾನೆ. ಆದ್ದರಿಂದ ತನ್ನ ನಾಲಿಗೆ ಎಂಥದಿರಬೇಕೆಂಬುದನ್ನು ತಾನೇ ನಿಶ್ಚಯಿಸುತ್ತಾನೆ. ನಮಗೂ ಈ ದಾರಿ ಹೊಸದಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಬಂದದ್ದು 1978ರಲ್ಲಿ. ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರನ್ನು ಹಾಡಿದಾಗ ನನ್ನ ಬೆಂಗಳೂರಿನ ಗೆಳೆಯರು ಅದೇ ಹಾವೇರಿ ಸೀಮೆಯ ಮಾತಿಗೆ ಕುಣಿದರು, ನಗಲಿಲ್ಲ. ತಾಳ ಕೂಡಿತೆಂದರೆ ಭಾಷೆಯ ಅಂತಸ್ತು ಹೇಗೆ ಏರುತ್ತದೆ ನೋಡಿ.

ಕೊಳ್ಳುವ ರೀತಿಯೂ ಬೇರೆ. ನನ್ನ ಕೈಯಲ್ಲಿದ್ದ ಸಿ.ಡಿ.ಗೆ ಸೊಂಟದ ಪಟ್ಟಿಯಂತೆ ಒಂದು ಕಾಗದ ಸುತ್ತಿತ್ತು. ಕಿಮೋನೋದ ಪಟ್ಟಿಗೆ ಇರುವ ಹೆಸರೇ ಅದಕ್ಕೂ, ‘ಒಬಿ’. ಹಳೆಯ ಮಾಲು ಕೊಳ್ಳುವ ಅಂಗಡಿಗೆ ಕೊಂಡೊಯ್ದರೆ ಒಬಿ ಇಲ್ಲದ್ದಕ್ಕೆ ಬೆಲೆ ಕಡಿಮೆ. ಹೊಸ ಸಿ.ಡಿ.ಯ ಬೆಲೆಯನ್ನು ಕಂಪನಿ ಕಟ್ಟಿದಂತೆ ಮಾರಬೇಕು, ಅಂಗಡಿಯವ ತನ್ನಿಷ್ಟಕ್ಕೆ ಇಳಿಸುವಂತಿಲ್ಲ. ಹಾಗಾಗಿ ಚೌಕಾಸಿಯ ಸುಖವೇ ಇಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಎರಡು ಕ್ಯಾಸೆಟ್ಟಿಗೆ ಐದು ರೂಪಾಯಿ ಬಿಡಿಸಿಕೊಂಡು ಬಂದ ನನ್ನಪ್ಪ ಇಲ್ಲಿ ಬಂದಿದ್ದರೆ ಅಂಗಡಿಯವನನ್ನು ಮರುಕದಿಂದ ನೋಡುತ್ತಿದ್ದರು.

ಇನ್ನು ಹೆಸರಿನ ವಿಚಾರ. ಮೊದಲ ಆಲ್ಬಮ್ಮಿನ ಹೆಸರು ‘ಹೆಲ್ಪ್ ಎವರ್ ಹರ್ಟ್ ನೆವರ್’, 2022ರದ್ದು ‘ಲವ್ ಆಲ್ ಸರ್ವ್ ಆಲ್’. ವೈಟ್‌ಫೀಲ್ಡ್ ಕಡೆ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡೂ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರ ಮಾತುಗಳು. ಕಾಡುಗೋಡಿಯ ಅವರ ಆಶ್ರಮದ ಹತ್ತಿರ ನಾನು ಎರಡು ವರ್ಷ ಬಾಡಿಗೆಗಿದ್ದೆ. ಆಟೋದ ಬೆನ್ನಿಗೆ, ಔಷಧಿ ಅಂಗಡಿಯ ಕ್ಯಾಲೆಂಡರಿಗೆ ಈ ಸಾಲುಗಳು ಅಂಟಿರುತ್ತಿದ್ದವು. ನಾನು ಭಕ್ತನೂ ಅಲ್ಲ, ವಿರೋಧಿಯೂ ಅಲ್ಲ. ‘ಹಾರ್ನ್ ಪ್ಲೀಸ್’ ಓದಿದ ಹಾಗೆ ಓದಿ ಮುಂದೆ ಹೋಗುತ್ತಿದ್ದೆ. ಈಗ ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲಿ ಆ ಸಂಸ್ಥೆಯ ಆಸ್ಪತ್ರೆಯ ಹೆಸರಿನ ನಿಲ್ದಾಣವೇ ಇದೆ.

ಇಲ್ಲಿ ಹಾಗಲ್ಲ. ಈ ನಂಟಿನ ಮಾತು ಬಂದಾಗ ನನ್ನ ಸಹೋದ್ಯೋಗಿ, ನಲವತ್ತು ದಾಟಿದ ಶಾಂತ ಮನುಷ್ಯ, ದನಿ ತಗ್ಗಿಸಿ ‘ಅದು ಯಾವುದೋ ಪಂಥವಂತೆ, ಹೌದೇ?’ ಎಂದು ಕೇಳಿದ. ಅವನ ಅಂಜಿಕೆಗೆ ಕಾರಣ ಇದೆ. 1995ರ ಮಾರ್ಚಿನಲ್ಲಿ ಓಮ್ ಶಿನ್ರಿಕ್ಯೋ ಎಂಬ ಪಂಥದವರು ಟೋಕಿಯೋದ ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ಬಿಟ್ಟರು. 2022ರಲ್ಲಿ ಮಾಜಿ ಪ್ರಧಾನಿ ಶಿಂಜೋ ಅಬೆಯವರ ಕೊಲೆಯಾದ ಮೇಲೆ ಇನ್ನೊಂದು ಪಂಥದ ಹಣದ ವ್ಯವಹಾರ ದೇಶವನ್ನೇ ಕಲಕಿತು. ಹೊಸ ವರ್ಷಕ್ಕೆ ಶಿಂತೋ ಗುಡಿ, ಸತ್ತರೆ ಬೌದ್ಧ ಮಂತ್ರ, ಇಷ್ಟರ ಆಚೆ ಯಾರಾದರೂ ದೇವರ ಹೆಸರೆತ್ತಿದರೆ ಇಲ್ಲಿನವರು ಕುರ್ಚಿಯನ್ನು ಒಂದಿಷ್ಟು ಹಿಂದೆ ಎಳೆದುಕೊಳ್ಳುತ್ತಾರೆ. ನಮಗೆ ಗುರುವಿನ ಮಾತು ರಸ್ತೆಬದಿಯ ಮರದಷ್ಟು ಸಾಮಾನ್ಯ. ನೋಡುವುದೂ ಇಲ್ಲ, ಪ್ರಶ್ನಿಸುವುದೂ ಇಲ್ಲ. ಯಾವುದು ವಾಸಿಯೋ ನಾನು ಹೇಳಲಾರೆ. ಪ್ರಶ್ನಿಸುವುದನ್ನಂತೂ ಅವರಿಂದ ತುಸು ಕಲಿಯಬಹುದು ಅನ್ನಿಸಿದ್ದಿದೆ.

ಸರಿ, ಹೊಸ ಆಲ್ಬಂ ಹೇಗಿದೆ? ಒಂಬತ್ತು ಹಾಡು. ಕೊರಿಯಾದ 250 ಎಂಬ ಅಂಕಿಯ ಹೆಸರಿನ ನಿರ್ಮಾಪಕ ಕೈಯಾಡಿಸಿದ್ದಾರೆ. ಎಂಬತ್ತು ತೊಂಬತ್ತರ ದಶಕದ ಅಮೆರಿಕದ ರೇಡಿಯೋದ ಹೊಳಪು, ನುಣ್ಣಗಿನ ಬೇಸ್, ಎಲ್ಲೂ ಮುಗ್ಗರಿಸದ ಲಯ. ಶೀರ್ಷಿಕೆ ಹಾಡಿನಲ್ಲಿ ನಾನೇ ಪ್ರೇಮ, ನಾನೇ ದೇವರು ಎಂಬ ಧಾಟಿ ಬರುತ್ತದೆ. ಜಪಾನಿ ಕಿವಿಗೆ ಇದು ಕೊಬ್ಬಿನ ಮಾತಿನಂತೆ ಕೇಳಿಸೀತು. ‘ಪ್ರೇಮಸ್ವರೂಪುಲಾರಾ’ ಎಂದು ಶುರುವಾಗುವ ಬಾಬಾ ಭಾಷಣಗಳನ್ನು ಪಕ್ಕದ ಮನೆಯ ಟೇಪಿನಿಂದ ದಿನವೂ ಕೇಳಿದ್ದ ನನಗೆ ಹಾಗನ್ನಿಸಲಿಲ್ಲ. ದನಿ ಇನ್ನೂ ಅದೇ. ತಾರಕ್ಕೆ ಏರುವಾಗ ಸಡಿಲವಾಗಿ, ಇಳಿಯುವಾಗ ಸೋಮಾರಿಯಾಗಿ, ಸ್ವರದ ತುದಿಯನ್ನು ಬೆರಳಲ್ಲಿ ಸವರಿದಂತೆ.

ಆದರೆ ಸಾಹಿತ್ಯ ಪೂರಾ ಎನ್ನುವಷ್ಟು ಇಂಗ್ಲಿಷು. ಅದು ತಪ್ಪಲ್ಲ, ಆತ ಮೊದಲ ಆಲ್ಬಮ್ಮಿನ ಜೊತೆಯಲ್ಲೇ ಇಂಗ್ಲಿಷ್ ಹಾಡುಗಳ ಒಂದು ತಟ್ಟೆಯನ್ನೂ ಕೊಟ್ಟವನು. ನನ್ನ ದೂರು ಇಷ್ಟೇ: ಈ ಇಂಗ್ಲಿಷು ಲಾಡ್ಜಿನ ಹಾಸಿಗೆಯ ಬಿಳಿ ಚಾದರದ ಹಾಗಿದೆ. ಮಡಿಕೆ ಇಲ್ಲ, ಕಲೆ ಇಲ್ಲ, ಯಾರೂ ಮಲಗಿದ ಗುರುತಿಲ್ಲ. ಹಲ್ಲಿನ ಸಂದಿಯಲ್ಲಿ ಪಾಚಿ ಕಂಡ ಕಣ್ಣು ಇಲ್ಲಿ ಎಲ್ಲಿಗೆ ಹೋಯಿತು? ಹೆಸರಿಗೆ ನಮ್ಮ ಸೀಮೆಯ ಪದ ಬಂದಿದೆ, ಹಾಡಿನೊಳಗಿಂದ ಅವನ ಸೀಮೆಯ ಮಾತು ಹೊರಟುಹೋಗಿದೆ. ಈ ವ್ಯಾಪಾರದಲ್ಲಿ ನನಗೆ ಲಾಭ ಕಾಣಲಿಲ್ಲ.

ಒಂದು ಕಡೆ ಮಾತ್ರ ಮೈ ನೆಟ್ಟಗಾಯಿತು. ಹಾಚಿಕೋ ನಾಯಿಯ ಹೆಸರಿನ ಹಾಡು. ಯಜಮಾನ 1925ರಲ್ಲಿ ತೀರಿಕೊಂಡ ಮೇಲೂ ಶಿಬುಯಾ ನಿಲ್ದಾಣದಲ್ಲಿ 1935ರಲ್ಲಿ ತಾನು ಸಾಯುವತನಕ ಕಾದ ನಾಯಿ ಅದು. ಅದರ ಕಂಚಿನ ಪ್ರತಿಮೆ ಆ ಸಿ.ಡಿ. ಅಂಗಡಿಯಿಂದ ನಾಲ್ಕು ಹೆಜ್ಜೆ. ಕಾದು ಕೂತ ನಾಯಿಯನ್ನು ಅಳುವಂತೆ ಮಾಡುವ ಬದಲು ಈತ ಎಬ್ಬಿಸಿ ತಿರುಗಾಟಕ್ಕೆ ಕರೆಯುತ್ತಾನೆ. ಇಂಗ್ಲಿಷಿನ ನಡುವೆ ಆ ಕರೆ ಮಾತ್ರ ಜಪಾನಿಯಲ್ಲಿ ಬರುತ್ತದೆ, ನಾಯಿಗೆ ಅದರ ಭಾಷೆಯಲ್ಲೇ ಹೇಳಬೇಕಲ್ಲ. ಆ ಒಂದೇ ಸಾಲಿಗೆ ಹಾಡು ಬಾಲ ಅಲ್ಲಾಡಿಸುತ್ತದೆ.

ದೂರುವ ನಾನೇನು ಸಾಚಾ ಅಲ್ಲ. ಆಫೀಸಿನಲ್ಲಿ ಇಂಗ್ಲಿಷು, ಅಂಗಡಿಯಲ್ಲಿ ಹರುಕು ಜಪಾನಿ, ಹೆಂಡತಿ ಮೈಸೂರಿನವಳಾದ್ದರಿಂದ ಮನೆಯಲ್ಲಿ ಅವಳ ಕನ್ನಡ. ‘ಹಚ್ಚುವುದು’ ಈಗ ಭಾನುವಾರ ಅವ್ವನಿಗೆ ಫೋನ್ ಹಚ್ಚುವಾಗ ಮಾತ್ರ. ಕಳೆದ ವಾರ ನಿಶಿಕಸಾಯಿಯ ನಮ್ಮ ಮನೆಯಲ್ಲಿ ವಿಡಿಯೋ ಕರೆ ನಡೆದಿತ್ತು. ಹಿಂದೆ ಹಾಡು ಓಡುತ್ತಿತ್ತು. ಏನದು ಸಪ್ಪಳ ಎಂದು ಅವ್ವ ಕೇಳಿದಳು. ಇಲ್ಲಿಯೇ ಹುಟ್ಟಿದ ಆರು ವರ್ಷದ ಮಗಳು ನನಗಿಂತ ಮೊದಲೇ ಫೋನಿಗೆ ಮುಖ ಹಚ್ಚಿ, ‘ಪುರೇಮಾ, ಅಜ್ಜೀ, ಪುರೇಮಾ’ ಎಂದಳು.

‘ಯಾರು, ಪ್ರೇಮಕ್ಕನ? ಆಕಿ ಊರಾಗ ಇಲ್ಲ ನಮ್ಮವ್ವಾ, ಮಗಳ ಮನಿಗೆ ಗದಗಕ್ಕ ಹೋಗ್ಯಾಳ. ಬಂದ್ರ ನೀ ಕೇಳಿದಿ ಅಂತ ಹೇಳ್ತೇನಿ.’