ಪದವೀಧರರ ಪುಸ್ತಕದಲ್ಲಿಲ್ಲದ ಸಹಪಾಠಿಗಳು

ಎರಡನೇ ಮಹಾಯುದ್ಧದ ಕಾಲದ ಬ್ಯಾಚಿನಲ್ಲಿ ತೀರಿಕೊಂಡವರ ಪಟ್ಟಿ ಮಾಡಲು ಕೂತವರು ಮೊದಲು ತೆರೆಯುವುದು ಪದವೀಧರರ ಪುಸ್ತಕವನ್ನು. ಜಪಾನಿನ ವಿಶ್ವವಿದ್ಯಾಲಯಗಳ ಮಟ್ಟಿಗೆ ಅಲ್ಲೇ ಲೆಕ್ಕ ತಪ್ಪುತ್ತದೆ. ಹಿಡಿಯಬೇಕಾದದ್ದು ಪ್ರವೇಶದ ರಿಜಿಸ್ಟರನ್ನು.

1941ರಲ್ಲಿ ಕೋರ್ಸನ್ನು 3 ತಿಂಗಳು ಮೊಟಕು ಮಾಡಿದರು, ಮರುವರ್ಷ 6 ತಿಂಗಳು. ಹಾಗಾಗಿ 1941ರಲ್ಲಿ ಮಾರ್ಚಿಗೊಂದು, ಡಿಸೆಂಬರಿಗೊಂದು ಬ್ಯಾಚು ಹೊರಬಿತ್ತು. ಪದವಿಯ ವರ್ಷ ನೋಡಿದರೆ ಎರಡೂ ಒಂದೇ. 1943ರ ಅಕ್ಟೋಬರಿನಲ್ಲಿ 20 ತುಂಬಿದ ಕಲಾ, ಕಾನೂನು, ವಾಣಿಜ್ಯ ವಿದ್ಯಾರ್ಥಿಗಳಿಗಿದ್ದ ಸೇನಾ ವಿನಾಯಿತಿಯೇ ಹೋಯಿತು. ಅದೇ ತಿಂಗಳ 21ರಂದು ಟೋಕಿಯೋದ ಮೇಜಿ ದೇಗುಲದ ಹೊರ ಉದ್ಯಾನದ ಕ್ರೀಡಾಂಗಣದಲ್ಲಿ, ಸುರಿವ ಮಳೆಯಲ್ಲಿ, ಕಾಲೇಜು ಟೋಪಿ, ಕಾಲುಪಟ್ಟಿ, ಹೆಗಲ ಮೇಲೆ ಬಂದೂಕು ಹೊತ್ತು ಸಾವಿರಾರು ಹುಡುಗರು ಸಾಲಾಗಿ ನಡೆದರು. ಡಿಸೆಂಬರಿನಲ್ಲಿ ಪಡೆ ಸೇರಿದರು. ಅವರಲ್ಲಿ ಸತ್ತ ಎಷ್ಟೋ ಮಂದಿ ಓದು ಮುಗಿಸಿರಲೇ ಇಲ್ಲ.

ವೈದ್ಯಕೀಯ, ಎಂಜಿನಿಯರಿಂಗಿನವರಿಗೆ ವಿನಾಯಿತಿ ಉಳಿದಿತ್ತು. ಹಾಗಂತ ಅವರನ್ನು ಕೈಬಿಡಬೇಡಿ, ಪದವಿ ಸಿಕ್ಕ ಕೂಡಲೇ ಸೇನಾ ವೈದ್ಯರಾಗಿ ಹೋದವರಿದ್ದಾರೆ.

ಹೆಚ್ಚು ಎಡವುವುದು ಹೆಸರಿನಲ್ಲಿ. ಜಪಾನಿನವರು ಹೆಸರು ಬರೆಯುವ ಚೀನೀ ಮೂಲದ ಲಿಪಿ ಕಾಂಜಿ. ಅದರ ಒಂದೇ ಅಕ್ಷರವನ್ನು ಎರಡು ಮೂರು ರೀತಿ ಓದಬಹುದು. ಯುದ್ಧದ ನಂತರ ಕೆಲವು ಅಕ್ಷರಗಳ ರೂಪವೇ ಬದಲಾಯಿತು. ದತ್ತು ಹೋದವರ, ಮನೆ ಅಳಿಯನಾದವರ ಮನೆತನದ ಹೆಸರೂ ಬೇರೆಯಾಗುತ್ತದೆ. ಅಕ್ಷರ, ಉಚ್ಚಾರ, ಹುಟ್ಟಿದ ದಿನ, ಮೂಲ ಊರು ನಾಲ್ಕೂ ತಾಳೆಯಾಗದೆ ಇಬ್ಬರನ್ನು ಒಬ್ಬನೆಂದು ಬರೆಯಬೇಡಿ.

ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದ ವಿದ್ಯಾರ್ಥಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1940ರಿಂದ ಅವರ ಮೇಲೆ ಜಪಾನಿ ಹೆಸರು ಹೇರಲಾಗಿತ್ತು. 1944ರ ಜನವರಿಯಲ್ಲಿ ‘ಸ್ವಯಂಸೇವಕ’ರೆಂಬ ಹಣೆಪಟ್ಟಿ ಹಚ್ಚಿ ಸೈನ್ಯಕ್ಕೆ ಸೇರಿಸಿದರು. ಸೇರಲು ಒಪ್ಪದ ಕೆಲವರನ್ನು ಕೂಲಿಗೆ ಅಟ್ಟಿದರು. ರಿಜಿಸ್ಟರಿನಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು. ಮನೆಯವರು ಕರೆದ ಹೆಸರು ಮೊದಲು ಬರಬೇಕು, ರಿಜಿಸ್ಟರಿನದು ಅದರ ಪಕ್ಕದಲ್ಲಿ. ಹಾಗೆಯೇ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನವರನ್ನೂ ಮರೆಯುವಂತಿಲ್ಲ. ಇವರನ್ನು ಬಿಟ್ಟ ಪಟ್ಟಿಯನ್ನು ಸಹಪಾಠಿಗಳ ಪಟ್ಟಿ ಎಂದು ನಾನು ಒಪ್ಪುವುದಿಲ್ಲ.

ಸಾವಿನ ದಿನಾಂಕಕ್ಕೆ ಭೂಸೇನೆಯ ಸೇವಾ ದಾಖಲೆ ಪ್ರಾಂತ್ಯ ಸರ್ಕಾರದಲ್ಲಿರುತ್ತದೆ, ನೌಕಾಪಡೆಯದು ಆರೋಗ್ಯ ಸಚಿವಾಲಯದಲ್ಲಿ. ಕೊಡುವುದು ಹತ್ತಿರದ ಬಂಧುಗಳಿಗೆ, ಹಾಗಾಗಿ ಅರ್ಜಿ ಮನೆಯವರಿಂದಲೇ ಹೋಗಲಿ. ಇಡೀ ತುಕಡಿ ನಾಶವಾದ ಕಡೆ ದಿನಾಂಕ ಬರೀ ಅಂದಾಜು. ಮನೆಗೆ ಬಂದ ಅಸ್ಥಿಪೆಟ್ಟಿಗೆಯಲ್ಲಿ ಎಷ್ಟೋ ಸಲ ಇದ್ದದ್ದು ಒಂದು ಕಲ್ಲು, ಇಲ್ಲವೇ ಹೆಸರು ಬರೆದ ಚೀಟಿ. ಆದ್ದರಿಂದ ‘ಮರಣ ಪ್ರಕಟಣೆಯ ಪ್ರಕಾರ’ ಎಂದು ಸೇರಿಸಿಯೇ ಬರೆಯಿರಿ. ಯುದ್ಧ ಮುಗಿದ ಮೇಲೆ ಸೈಬೀರಿಯಾದ ಸೋವಿಯತ್ ಸೆರೆ ಶಿಬಿರಗಳಲ್ಲಿ, ಊರಿಗೆ ಮರಳಿ ಕ್ಷಯದಿಂದ ಸತ್ತವರೂ ಪಟ್ಟಿಯಲ್ಲಿ ಇರಬೇಕು.

ಸ್ಮಾರಕಕ್ಕೂ ಜಗಳ ತಪ್ಪಲಿಲ್ಲ. ಶಿಲ್ಪಿ ಹೊಂಗೋ ಶಿನ್ ಯುದ್ಧದಲ್ಲಿ ಸತ್ತ ವಿದ್ಯಾರ್ಥಿಗಳ ನೆನಪಿಗೆ 1950ರಲ್ಲಿ ಮಾಡಿದ ವಾದತ್ಸುಮಿ ಪ್ರತಿಮೆಗೆ ಟೋಕಿಯೋ ವಿಶ್ವವಿದ್ಯಾಲಯ ಜಾಗ ಕೊಡಲಿಲ್ಲ. 1953ರಲ್ಲಿ ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದಲ್ಲಿ ಅದನ್ನು ನಿಲ್ಲಿಸಿದರು. 1969ರ ಚಳವಳಿಯಲ್ಲಿ ವಿದ್ಯಾರ್ಥಿಗಳೇ ಅದನ್ನು ಹಾಳುಗೆಡವಿದರು, ಮತ್ತೆ ಮಾಡಿಸಬೇಕಾಯಿತು.

1943ರಲ್ಲಿ 20 ತುಂಬಿದ್ದವರಿಗೆ ಈಗ ನೂರು ದಾಟಿದೆ. ಅವರ ಮಕ್ಕಳ ಬಳಿ ಗುಂಪು ಫೋಟೋ ಇದ್ದರೆ ಮುಂಭಾಗದ ಜೊತೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಹೆಸರುಗಳನ್ನು ಸಾಮಾನ್ಯವಾಗಿ ಅಲ್ಲೇ ಪೆನ್ಸಿಲಿನಲ್ಲಿ ಬರೆದಿರುತ್ತಾರೆ.