ಒಂದೇ ಮೈಗೆ ಏಳು ತಲೆ

ಸರಳತೆಯ ಸಾಕಾರಮೂರ್ತಿಗಳು ಸುಮಾರು ಮೂವತ್ತು ಅಡಿ ಎತ್ತರ ಇರುತ್ತಾರೆ. ನಂಬದವರು ಕೊಪ್ಪಳದ ಅಶೋಕ ವೃತ್ತಕ್ಕೆ ಬಂದು ಒಮ್ಮೆ ತಲೆಯೆತ್ತಿ ನೋಡಬಹುದು. ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಕಣ್ಣಿಗೆ ಕಪ್ಪು ಕನ್ನಡಕ, ಬೆನ್ನ ಹಿಂದೆ ಬಾಯಿ ತೆರೆದ ಸಿಂಹ. ಬಲಗೈ ನಮ್ಮತ್ತ ಬೀಸುತ್ತಿದೆ, ಎಡಗೈಯ ಮೊಬೈಲ್ ಕಿವಿಗೆ ಅಂಟಿದೆ. ನಲ್ಲಿಯಲ್ಲಿ ನೀರು ಬಂದಿಲ್ಲವೆಂದು ವಾರ್ಡಿನವರು ಎಷ್ಟು ಸಲ ಕರೆ ಮಾಡಿದರೂ ಎತ್ತದ ಮಹನೀಯರು ಫ್ಲೆಕ್ಸಿನಲ್ಲಿ ಮಾತ್ರ ಹಗಲೂ ರಾತ್ರಿ ಫೋನಿನಲ್ಲೇ ಇರುತ್ತಾರೆ. ಆ ಕಡೆಯಿಂದ ಮಾತನಾಡುತ್ತಿರುವವರು ಯಾರು ಎಂಬುದು ಇನ್ನೂ ಬಗೆಹರಿದಿಲ್ಲ. ಇಷ್ಟಕ್ಕೂ ಇದು ಹುಟ್ಟುಹಬ್ಬದ ಫ್ಲೆಕ್ಸು. ಹುಟ್ಟುಹಬ್ಬ ಒಂದೇ ದಿನದ್ದು. ಫ್ಲೆಕ್ಸು ಇಳಿಯುವುದು ಮುಂದಿನ ಹುಟ್ಟುಹಬ್ಬಕ್ಕೆ ಜಾಗ ಬೇಕಾದಾಗ.

ನಾನು ಎಂಬುದು ನಿಜವಾಗಿ ಇದೆಯೋ ಇಲ್ಲವೋ ಎಂದು ನಮ್ಮ ದೇಶದಲ್ಲಿ ಎರಡೂವರೆ ಸಾವಿರ ವರ್ಷಗಳಿಂದ ವಾದ ನಡೆದಿದೆ. ಅದಕ್ಕಾಗಿ ಎಷ್ಟೋ ಜನ ಮನೆ ಬಿಟ್ಟರು, ಗುಹೆ ಸೇರಿದರು, ಗಡ್ಡ ಬಿಟ್ಟರು. ಅವರೆಲ್ಲ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಯಾವುದಾದರೂ ಫ್ಲೆಕ್ಸ್ ಅಂಗಡಿಯಲ್ಲಿ ಕುಳಿತಿದ್ದರೆ ವಿಷಯ ಸಂಜೆಯೊಳಗೆ ಇತ್ಯರ್ಥವಾಗುತ್ತಿತ್ತು.

ಅಂಗಡಿಯ ಹುಡುಗನ ಕಂಪ್ಯೂಟರಿನಲ್ಲಿ ‘ಬಾಡಿ’ ಎಂಬ ಹೆಸರಿನ ಫೋಲ್ಡರ್ ಇದೆ. ಅದರೊಳಗೆ ತಲೆಯಿಲ್ಲದ ಮೈಗಳು ಸಾಲಾಗಿ ನಿಂತಿವೆ. ಕೈಮುಗಿದ ಮೈ, ಕೋಟು ತೊಟ್ಟ ಮೈ, ಗಾಳಿಗೆ ಎದೆಯೊಡ್ಡಿ ನಡೆದು ಬರುತ್ತಿರುವ ಮೈ. ಈ ಕೊನೆಯದು ಯಾವುದೋ ತೆಲುಗು ಸಿನಿಮಾದ ನಾಯಕನದ್ದಿರಬೇಕು. ನಮ್ಮ ಕಡೆಯ ಹೊಟ್ಟೆಗಳು ಅಷ್ಟು ಚಪ್ಪಟೆಯಾಗಿ ಇರುವುದಿಲ್ಲ. ಗಿರಾಕಿ ತರಬೇಕಾದದ್ದು ತಲೆ ಮಾತ್ರ. ಮದುವೆಯ ಫೋಟೋದಲ್ಲೋ ಆಧಾರ್ ಕಾರ್ಡಿನಲ್ಲೋ ಇರುವ ತಲೆಯ ಸುತ್ತ ಹುಡುಗ ಮೌಸ್ ಹಿಡಿದು ಗೆರೆ ಎಳೆಯುತ್ತಾನೆ. ಕಿವಿಯ ಹತ್ತಿರ ಬಂದಾಗ ಉಸಿರು ಹಿಡಿದು ನಿಧಾನವಾಗುತ್ತಾನೆ, ಏಕೆಂದರೆ ಪಕ್ಕದಲ್ಲಿ ನಿಂತಿದ್ದ ಸೋದರಮಾವನ ಭುಜ ಬಿಡಲೊಲ್ಲದು. ಕೊನೆಗೆ ಒಂದು ಗುಂಡಿ ಒತ್ತಿದರೆ ಸೋದರಮಾವ, ಹೆಂಡತಿ, ಶಾಮಿಯಾನ, ಊಟದ ಪಂಕ್ತಿ ಎಲ್ಲವೂ ಮಾಯವಾಗಿ, ಲೋಕದ ಸಂಬಂಧವನ್ನೆಲ್ಲ ಕಳಚಿಕೊಂಡ ಒಂದು ‘ನಾನು’ ಪರದೆಯ ಮೇಲೆ ಒಂಟಿಯಾಗಿ ತೇಲುತ್ತದೆ. ಅದನ್ನು ಎತ್ತಿ ತೆಲುಗು ನಾಯಕನ ಕತ್ತಿನ ಮೇಲೆ ಇಡುತ್ತಾನೆ. ಕತ್ತಿನ ಬಣ್ಣಕ್ಕೂ ಮುಖದ ಬಣ್ಣಕ್ಕೂ ಹೊಂದುವುದಿಲ್ಲ. ಅದಕ್ಕೇ ಶಾಲು. ನಮ್ಮ ಮುಖಂಡರೆಲ್ಲ ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಕುತ್ತಿಗೆ ತುಂಬ ಶಾಲು ಹೊದ್ದು ನಿಂತಿರುವುದು ಗೌರವಕ್ಕಲ್ಲ, ಬೆಸುಗೆ ಮುಚ್ಚುವುದಕ್ಕೆ.

ರಾವಣನಿಗೆ ಹತ್ತು ತಲೆಯಿದ್ದರೂ ಮೈ ಅವನದೇ ಆಗಿತ್ತು. ನಮ್ಮಲ್ಲಿ ಒಂದೇ ಮೈ ಒಂದೇ ವಾರದಲ್ಲಿ ಏಳು ತಲೆ ಹೊರುತ್ತದೆ. ಬಸ್ ನಿಲ್ದಾಣದ ಎದುರಿನ ಯುವ ನಾಯಕ, ಅವರನ್ನು ಕಂಡರಾಗದ ಇನ್ನೊಂದು ಪಕ್ಷದ ಯುವ ನಾಯಕ, ಗುತ್ತಿಗೆದಾರರ ಸಂಘದ ಅಧ್ಯಕ್ಷರು, ಗಂಗಾವತಿ ರಸ್ತೆಯ ಸಮಾಜ ಸೇವಕರು, ಇವರೆಲ್ಲರ ಕೈ ಒಂದೇ, ಗಡಿಯಾರ ಒಂದೇ, ಅಂಗಿಯ ಎರಡನೇ ಗುಂಡಿಯ ಬಳಿಯ ಮಡಿಕೆಯೂ ಒಂದೇ. ಎದುರಾಬದುರಾ ನಿಂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾರೆ. ಅದ್ವೈತ ಇದಕ್ಕಿಂತ ಚೆನ್ನಾಗಿ ಯಾವ ಮಠದಲ್ಲೂ ಸಿದ್ಧವಾಗಿಲ್ಲ.

ಬುದ್ಧ ಹೇಳಿದ್ದೂ ಇದನ್ನೇ. ನಾನು ಎಂದುಕೊಳ್ಳುವುದು ಒಂದು ಬಿಡಿ ವಸ್ತುವಲ್ಲ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳ ರಾಶಿ. ಬಿಡಿಸುತ್ತ ಹೋದರೆ ಒಳಗೆ ಯಜಮಾನ ಸಿಗುವುದಿಲ್ಲ. ಫ್ಲೆಕ್ಸಿನ ಸ್ಕಂಧಗಳೂ ಐದೇ. ಮೈ ಇಂಟರ್‌ನೆಟ್ಟಿನದು, ಹಲ್ಲಿನ ಬಿಳುಪು ಹುಡುಗನದು, ಸಿಂಹ ಆಫ್ರಿಕಾದ್ದು, ಹಣ ಗುತ್ತಿಗೆದಾರನದು, ಬಿರುದು ಅಭಿಮಾನಿ ಬಳಗದ್ದು. ತಲೆಯೊಂದು ಸ್ವಂತದ್ದಲ್ಲವೇ ಎಂದು ಕೇಳಬಹುದು. ಅದರ ಮೇಲಿನ ಕೂದಲು ಹುಡುಗ ಸೇರಿಸಿದ್ದು.

ಬಿರುದುಗಳ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜನನಾಯಕ, ಬಡವರ ಬಂಧು, ಕೊಡುಗೈ ದಾನಿ, ಯುವಕರ ಕಣ್ಮಣಿ, ಅಭಿವೃದ್ಧಿಯ ಹರಿಕಾರ ಇವೆಲ್ಲ ಹಳೆಯ ಸರಕು, ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿದುಹೋಗಿವೆ. ಈಗ ಮೇಲಿನವರಿಗೆ ನಡೆಯುತ್ತಿರುವುದು ಪುರಾಣ. ಕಾಲುವೆಗೆ ನೀರು ಬಿಟ್ಟ ದಿನ ‘ತುಂಗಭದ್ರೆಯ ಭಗೀರಥ’ರು ಹುಟ್ಟಿಕೊಳ್ಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ ನೀರು ಹೊಳೆಗೆ ಹರಿದುಹೋದಾಗ ಭಗೀರಥರ ಸುಳಿವು ಇರಲಿಲ್ಲ. ರಭಸದ ನೀರಿನ ಮೇಲೆ ಜೋತುಬಿದ್ದು, ವಾರದ ಹೊತ್ತಿಗೆ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಕೂಡಿಸಿದ ಕಾರ್ಮಿಕರ ಮುಖ ಯಾವ ಚಹಾ ಅಂಗಡಿಯಲ್ಲೂ ಯಾರಿಗೂ ಗುರುತು ಸಿಗುವುದಿಲ್ಲ. ಅವರ ಪೈಕಿ ಯಾರಿಗೂ ಸಿಂಹ ಸಿಕ್ಕಿಲ್ಲ.

ಬಿರುದು ಕೊಡುವ ಅಭಿಮಾನಿ ಬಳಗದ ಅಧ್ಯಕ್ಷ ಸಾಮಾನ್ಯವಾಗಿ ಹೆಂಡತಿಯ ತಮ್ಮ. ಕರಡು ತಿದ್ದುವುದು ಮಾತ್ರ ಸ್ವತಃ ನಾಯಕರೇ, ಅದೂ ರಾತ್ರಿ ಹತ್ತರ ಮೇಲೆ, ಜನಸೇವೆ ಮುಗಿದ ಬಳಿಕ. ತಮಗೆ ತಾವೇ ಕೋರಿಕೊಂಡ ಶುಭಾಶಯದಲ್ಲಿ ಒತ್ತಕ್ಷರ ತಪ್ಪಿದ್ದರೆ ಸಿಟ್ಟಾಗುತ್ತಾರೆ. ‘ಅಜಾತಶತ್ರು’ ಎಂಬುದನ್ನು ಇನ್ನಷ್ಟು ದಪ್ಪ ಮಾಡು ಎನ್ನುತ್ತಾರೆ, ಮರುಕ್ಷಣವೇ ಈ ಫ್ಲೆಕ್ಸನ್ನು ಅವನ ಫ್ಲೆಕ್ಸಿನ ಮುಂದೆ, ಅವನ ಮುಖ ಪೂರ್ತಿ ಮುಚ್ಚುವ ಹಾಗೆ ಕಟ್ಟು ಎನ್ನುತ್ತಾರೆ. ಎರಡು ಮಾತಿನ ನಡುವೆ ಅವರು ನೀರು ಕೂಡ ಕುಡಿಯುವುದಿಲ್ಲ.

ಇನ್ನು ಅಡಿಯಲ್ಲಿ ಅಂಚೆಚೀಟಿಯ ಗಾತ್ರದಲ್ಲಿ ನಿಲ್ಲುವ ‘ಶುಭ ಕೋರುವವರು’. ಕೆಳಸಾಲಿನ ಎಡತುದಿಯಲ್ಲಿರುವವನಿಗೆ ಮೇಲಿನ ಸಾಲಿನ ಬಲತುದಿಯವನ ಮೇಲೆ ಹಗೆ. ಫೋಟೋ ಬಿಟ್ಟುಹೋದವನು ಮರುದಿನವೇ ಪ್ರತ್ಯೇಕ ಬಣ ಕಟ್ಟಿ ಪ್ರತ್ಯೇಕ ಫ್ಲೆಕ್ಸು ಹಾಕಿಸುತ್ತಾನೆ. ಅದರಲ್ಲಿ ಮತ್ತೊಬ್ಬನ ಫೋಟೋ ಬಿಟ್ಟುಹೋಗಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಪಕ್ಷಗಳು ಒಡೆಯುವುದು ಸಿದ್ಧಾಂತದ ಮೇಲಲ್ಲ. (ಹಳೆಯವರು ಈ ವಿಷಯದಲ್ಲಿ ಉದಾರಿಗಳಾಗಿದ್ದರು. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಅದರ ಮೇಲಿದೆ. ಕೋಟೆ ಕಟ್ಟಿಸಿದ ಗೋರೆ ಗನ್ನಯ್ಯ ರೆಡ್ಡಿಯ ಹೆಸರು ಅದರಲ್ಲಿದೆ, ಸರಿ. ಆದರೆ ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಜಾನುವಾರುಗಳ ಸಾಲನ್ನೂ ಅಲ್ಲೇ ಗೋಡೆಯ ಮೇಲೆ ಕೊರೆದಿದ್ದಾರೆ. ಎತ್ತಿಗೂ ಕೋಣಕ್ಕೂ ಫೋಟೋ ಬಿಟ್ಟುಹೋದ ಕೊರಗಿಲ್ಲ.)

ವೃತ್ತಕ್ಕೆ ಹೆಸರು ಕೊಟ್ಟ ಅಶೋಕನ ಮಾತಿಗೆ ಬರೋಣ. ಅವನ ಫ್ಲೆಕ್ಸುಗಳು ಊರಿನ ಪಡುವಣ ಗುಡ್ಡಗಳಲ್ಲಿವೆ. ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಲ್ಕಿಗುಂಡುವಿನಲ್ಲಿ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾದರೂ ಯಾರೂ ಇಳಿಸಿಲ್ಲ. ಅವು ನಮ್ಮ ಹುಡುಗನ ಅಂಗಡಿಗೆ ಬಂದಿದ್ದರೆ ಖಂಡಿತ ಪಾಸಾಗುತ್ತಿರಲಿಲ್ಲ. ಮೊದಲನೆಯದಾಗಿ ಫೋಟೋ ಇಲ್ಲ. ಎರಡನೆಯದಾಗಿ ಹೆಸರೂ ಇಲ್ಲ, ‘ದೇವಾನಾಂಪಿಯ’ ಎಂಬ ಬಿರುದು ಮಾತ್ರ ಇದೆ. ದೇವರುಗಳಿಗೆ ಪ್ರಿಯನೆಂದು ಹೇಳಿಕೊಳ್ಳುವುದೂ ಸಣ್ಣ ಜಂಬವೇನಲ್ಲ, ಒಪ್ಪೋಣ. ಆದರೂ ಸ್ವಂತ ಹೆಸರು ಹಾಕುವುದನ್ನು ಎಷ್ಟು ಕಡೆ ಮರೆತನೆಂದರೆ, 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ ಜೇಮ್ಸ್ ಪ್ರಿನ್ಸೆಪ್ ಇವನನ್ನು ಮೊದಲು ಸಿಂಹಳದ ರಾಜನೆಂದುಕೊಂಡ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಒಂದು ಬಂಡೆ ಬಿತ್ತು. ಅದರ ಮೇಲೆ ‘ಅಸೋಕ’ ಎಂದು ಇತ್ತು. ಅಷ್ಟು ದೊಡ್ಡ ಸಾಮ್ರಾಟನ ಗುರುತು ಖಚಿತವಾಗಲು ನಮ್ಮ ಮಸ್ಕಿಯ ಕಲ್ಲೇ ಬೇಕಾಯಿತು. ವಾರ್ಡ್ ನಂಬರ್ ಹದಿನಾಲ್ಕರ ಉಸ್ತುವಾರಿಗೆ ಇಂಥ ಸಂಕಟ ಎಂದೂ ಬರಲಾರದು.

ಮೂರನೆಯದು ಇನ್ನೂ ಘೋರ. ಆ ಶಾಸನದಲ್ಲಿ ಚಕ್ರವರ್ತಿ ಹೇಳುತ್ತಾನೆ: ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಮೊದಲ ವರ್ಷ ನಾನು ಹೆಚ್ಚಿನ ಶ್ರದ್ಧೆಯಿಂದ ನಡೆಯಲಿಲ್ಲ. ಬಂಡೆಯ ಮೇಲೆ, ಸರ್ಕಾರಿ ಖರ್ಚಿನಲ್ಲಿ, ತನ್ನದೇ ಆಳ್ವಿಕೆಯಲ್ಲಿ! ಅಲ್ಲಿಗೂ ನಿಲ್ಲದೆ, ಇದು ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಸಣ್ಣವನೂ ಶ್ರದ್ಧೆಯಿಂದ ನಡೆದರೆ ಸ್ವರ್ಗ ಪಡೆಯಬಲ್ಲ ಎನ್ನುತ್ತಾನೆ. ಹುಡುಗ ಇದನ್ನು ಓದಿದ್ದರೆ, “ಸರ್, ಮೊದಲ ವರ್ಷದ ಆ ಸಾಲು ತೆಗೆದುಬಿಡೋಣ, ಅಲ್ಲಿ ಆನೆ ಹಾಕೋಣ” ಎನ್ನುತ್ತಿದ್ದ.

ಅಶೋಕನನ್ನು ಬಿಡಿ, ಅವನು ಪರಊರಿನವನು. ಮಾನ್ವಿಯ ಜಗನ್ನಾಥದಾಸರು ಇಲ್ಲಿನವರೇ. ದಾಸ ಪರಂಪರೆಯಲ್ಲಿ ಅವರ ಬಗ್ಗೆ ಒಂದು ಕಥೆಯಿದೆ. ಆಗಿನ್ನೂ ಅವರು ಶ್ರೀನಿವಾಸಾಚಾರ್ಯರು, ಸಂಸ್ಕೃತದ ಭಾರೀ ಪಂಡಿತರು. ಕನ್ನಡದಲ್ಲಿ ಹಾಡಿಕೊಂಡು ಬಂದ ವಿಜಯದಾಸರು ಊಟಕ್ಕೆ ಕರೆದಾಗ, ಈ ಹಾಡುಗಾರರ ಪಂಕ್ತಿಯಲ್ಲಿ ನಾನು ಕೂರುವುದೇ ಎಂದು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ಹೊಟ್ಟೆನೋವು ನಿಜವಾಗಿಯೇ ಬಂತು, ಯಾವ ಮದ್ದಿಗೂ ಬಗ್ಗಲಿಲ್ಲ. ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ಧಾರೆಯೆರೆದು ಉಳಿಸಿದರಂತೆ. ಆಮೇಲೆ ಪಂಡಿತರು ಕನ್ನಡದಲ್ಲೇ ಬರೆದರು. ಬರೆದದ್ದರ ಕೆಳಗೆ ತಮ್ಮ ಹೆಸರು ಹಾಕದೆ ‘ಜಗನ್ನಾಥವಿಠಲ’ ಎಂದು ದೇವರ ಹೆಸರು ಹಾಕಿದರು. ಅಂದಿನ ಅಹಂಕಾರದಲ್ಲಿ ಒಂದು ನ್ಯಾಯವಿತ್ತು ನೋಡಿ, ಯಾರಿಗೆ ಇತ್ತೋ ಅವರ ಹೊಟ್ಟೆಯೇ ನೋಯುತ್ತಿತ್ತು. ಈಗ ಅದು ಎದುರು ಪಕ್ಷದವನ ಹೊಟ್ಟೆಗೆ ವರ್ಗವಾಗಿದೆ.

ಜನವರಿಯ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿಗಳು ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ಬರುತ್ತವೆ. ಬಡಿದ ಕೈ ಯಾವುದು ಎಂದು ತಿನ್ನುವವನಿಗೆ ಗೊತ್ತಾಗುವುದಿಲ್ಲ, ಬಡಿದವಳಿಗೂ ತಿಂದವನು ಯಾರೆಂದು ಬೇಕಾಗಿಲ್ಲ. ರೊಟ್ಟಿಯ ಮೇಲೆ ಹೆಸರು ಅಚ್ಚಾಗುವ ತಂತ್ರ ಇನ್ನೂ ಬಂದಿಲ್ಲವೆಂಬುದೇ ಸಮಾಧಾನ. ಅದೇ ಜಾತ್ರೆಗೆ ಹೋಗುವ ದಾರಿಯುದ್ದಕ್ಕೂ ಭಕ್ತಾದಿಗಳಿಗೆ ಸ್ವಾಗತ ಕೋರುವ ಫ್ಲೆಕ್ಸುಗಳು; ನಾಯಕರು ಮೊಣಕಾಲಿನಿಂದ ಮೇಲಕ್ಕೆ ಪೂರ್ತಿ ಇದ್ದಾರೆ, ಗವಿಸಿದ್ಧೇಶ್ವರರು ಎಡಮೂಲೆಯ ಒಂದು ದುಂಡನೆಯ ಕಿಟಕಿಯಲ್ಲಿ. ಯಾರ ಜಾತ್ರೆಗೆ ಬಂದೆವು ಎಂದು ಹೊರಜಿಲ್ಲೆಯ ಭಕ್ತರು ತಬ್ಬಿಬ್ಬಾದರೆ ಅವರದು ತಪ್ಪಲ್ಲ.

ಕಾನೂನು ಇಲ್ಲವೇ? ಧಾರಾಳವಾಗಿ ಇದೆ. ತೆರೆದ ಜಾಗಗಳ ಅಂದಗೆಡಿಸುವುದರ ವಿರುದ್ಧ ಕರ್ನಾಟಕ 1981ರಲ್ಲೇ ಕಾಯ್ದೆ ಮಾಡಿದೆ. ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿಯವರೆಗೆ ದಂಡ. 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ನಿಷೇಧದ ಪಟ್ಟಿಗೆ ಫ್ಲೆಕ್ಸನ್ನೂ ಸೇರಿಸಿದರು. ಹಾಗೆಂದು ಪೌರಕಾರ್ಮಿಕ ಏಣಿ ಹಿಡಿದು ಬಂದರೆ, ಯಾರನ್ನು ಮೊದಲು ಇಳಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ತಮ್ಮನ್ನು ಮೊದಲು ಇಳಿಸಿದರೆ ಅವಮಾನ. ಕೊನೆಗೆ ಇಳಿಸಿದರೆ, ತಾನು ಅಷ್ಟು ಲೆಕ್ಕಕ್ಕಿಲ್ಲದವನೇ ಎಂಬ ಅವಮಾನ. ಏಣಿ ವಾಪಸು ಹೋಗುತ್ತದೆ.

ಆದರೆ ಗಾಳಿಗೆ ಈ ದಾಕ್ಷಿಣ್ಯವಿಲ್ಲ. ಮುಂಗಾರಿನ ಮುಂಚಿನ ಗಾಳಿ ಬೀಸಿತೆಂದರೆ ಭಗೀರಥರ ಕಟ್ಟಿಗೆಯ ಚೌಕಟ್ಟು ಮುರಿದು, ಸಿಂಹ ಚರಂಡಿಗೆ ಬಿದ್ದು, ಅಜಾತಶತ್ರು ಅರ್ಧಕ್ಕೆ ಹರಿದು ಲಟಪಟಿಸುತ್ತಾರೆ. ಆಗ ಅವರಿಗೆ ನಿಜವಾದ ಬೇಡಿಕೆ ಶುರುವಾಗುತ್ತದೆ. ಕಾರಟಗಿ, ಸಿಂಧನೂರು ಕಡೆ ಭತ್ತ ಕೊಯ್ದು ರಸ್ತೆಯ ಮಗ್ಗುಲಲ್ಲಿ ರಾಶಿ ಹಾಕಿದಾಗಲೇ ಮೋಡ ಕಟ್ಟುತ್ತದೆ. ತಾಡಪಾಲು ದುಬಾರಿ. ಫ್ಲೆಕ್ಸು ಗಟ್ಟಿ, ನೀರು ಇಳಿಯುವುದಿಲ್ಲ. ಮುಖ ಕೆಳಗೆ, ಬಿಳಿ ಬೆನ್ನು ಮೇಲೆ ಮಾಡಿ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರಿದರೆ ರಾತ್ರಿ ನಿಶ್ಚಿಂತೆ. ಜೀವನದಲ್ಲಿ ಮೊದಲ ಬಾರಿಗೆ ನಾಯಕರು ರೈತನ ಬೆವರಿಗೆ ಇಷ್ಟು ಹತ್ತಿರವಾಗಿರುತ್ತಾರೆ, ಅದೂ ಮಾತಿಲ್ಲದೆ. ಅಂಗಡಿಯ ಹುಡುಗನಿಗೂ ಇದರಿಂದ ಒಂದು ಉಪವ್ಯಾಪಾರ ಕುದುರಿದೆ. ಮೊನ್ನೆ ಮೋಡ ನೋಡುತ್ತಲೇ ಅವನ ಬಾಗಿಲಿಗೆ ಬಂದ ರೈತರೊಬ್ಬರು ಸುರುಳಿ ಸುತ್ತಿಟ್ಟಿದ್ದ ಹಳೆಯ ಫ್ಲೆಕ್ಸುಗಳನ್ನು ಒಂದೊಂದಾಗಿ ಬಿಚ್ಚಿಸಿದರು. ಯಾರದು ಬೇಕು ಎಂದು ಹುಡುಗ ಕೇಳಿದ.

“ಯಾರದ್ದಾದರೇನು, ತೂತಿರಬಾರದು” ಎಂದು ಅವರು ಮೊಳ ಹಾಕಿ ಅಳೆದರು. “ಈ ಭಾವಿ ಶಾಸಕರು ನನ್ನ ರಾಶಿಗೆ ಸಾಲುವುದಿಲ್ಲ. ಮಾಜಿಗಳದ್ದು ದೊಡ್ಡದಿದ್ದರೆ ತೆಗೆ.”